ಸೈಕಲ್ ಮಾರಬೇಡ

ಪ್ರಿಯ ಗೆಳೆಯಾ,

ನಿನ್ನ ಪತ್ರ ಬಂತು. ಸೈಕಲ್ ಮಾರಿಬಿಡುತ್ತೇನೆ ಎಂದಿದ್ದೀಯ. ಓಟವನ್ನಂತೂ ಆಗಲೇ ಬಿಟ್ಟಾಯಿತು ಎಂದೂ ಬರೆದಿದ್ದೀಯ. ಐವತ್ತು ಹತ್ತಿರವಾದಂತೆ ಹಳೆಯ ವೇಗ ಉಳಿದಿಲ್ಲ, ಗಡಿಯಾರ ನೋಡಿಕೊಂಡರೆ ನಾಚಿಕೆಯಾಗುತ್ತದೆ ಎಂಬುದೊಂದೇ ನೀನು ಕೊಟ್ಟ ಕಾರಣ. ಮೊಣಕಾಲು ನೋವು ಎಂದಿದ್ದರೆ, ಮನೆಯಲ್ಲಿ ತಾಪತ್ರಯ ಎಂದಿದ್ದರೆ ಸುಮ್ಮನಿರುತ್ತಿದ್ದೆ. ಈ ಕಾರಣವನ್ನು ಮಾತ್ರ ಒಪ್ಪಲಾರೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಫ್ರಾನ್ಸಿನ ರೊಬೆರ್ ಮಾರ್ಶಾಂ ಅವರ ವಿಷಯ ನಿನಗೆ ಹೇಳಿದ್ದೆನೋ ಇಲ್ಲವೋ. ಹುಟ್ಟಿದ್ದು 1911ರಲ್ಲಿ. ಹುಡುಗನಾಗಿದ್ದಾಗ ಸೈಕಲ್ ಸ್ಪರ್ಧೆಗಳಲ್ಲಿ ಓಡಿಸಿ, ಆಮೇಲೆ ಹೊಟ್ಟೆಪಾಡಿಗಾಗಿ ಬಿಟ್ಟವರು. ಅಗ್ನಿಶಾಮಕ ದಳದಲ್ಲಿದ್ದರು, ಕೆನಡಾದಲ್ಲಿ ಮರ ಕಡಿದರು, ದ್ರಾಕ್ಷಾರಸದ ವ್ಯಾಪಾರ ಮಾಡಿದರು. ಮತ್ತೆ ಮನಸ್ಸಿಟ್ಟು ಸೈಕಲ್ ಹತ್ತಿದ್ದು ಅರವತ್ತು ದಾಟಿದ ಮೇಲೆ. 2012ರಲ್ಲಿ, ನೂರು ತುಂಬಿದ ಬಳಿಕ, ಟ್ರ್ಯಾಕ್ ಮೇಲೆ ಒಂದು ಗಂಟೆಯಲ್ಲಿ 24.25 ಕಿ.ಮೀ. ತುಳಿದರು. ಎರಡು ವರ್ಷ ಬಿಟ್ಟು ಅದೇ ಒಂದು ಗಂಟೆಯಲ್ಲಿ ಅವರು ಕ್ರಮಿಸಿದ್ದು 26.927 ಕಿ.ಮೀ. ಗಮನಿಸಿದೆಯಾ? ನೂರರಲ್ಲಿದ್ದ ವೇಗ ನೂರೆರಡರಲ್ಲಿ ಹೆಚ್ಚಿತ್ತು! ಆ ಅವಧಿಯಲ್ಲಿ ಅವರನ್ನು ಪರೀಕ್ಷಿಸಿದ ಶರೀರಕ್ರಿಯಾ ವಿಜ್ಞಾನಿಗಳು, ಅವರ ದೇಹ ಬಳಸಿಕೊಳ್ಳಬಲ್ಲ ಗರಿಷ್ಠ ಆಮ್ಲಜನಕದ ಪ್ರಮಾಣ ಸುಮಾರು ಶೇ. 13ರಷ್ಟು ಏರಿದ್ದನ್ನು ದಾಖಲಿಸಿದರು. ಮಾಡಿದ ಅಭ್ಯಾಸವೂ ಅಂಥ ವಿಚಿತ್ರದ್ದೇನಲ್ಲ: ವರ್ಷಕ್ಕೆ 5000 ಕಿ.ಮೀ.ಯಷ್ಟು ಸವಾರಿ. ಅದರಲ್ಲಿ ಹೆಚ್ಚಿನ ಪಾಲು ಹಗುರವಾಗಿ, ಸ್ವಲ್ಪ ಪಾಲು ಮಾತ್ರ ಏದುಸಿರು ಬರುವಂತೆ.

2017ರಲ್ಲಿ, 105ರ ವಯಸ್ಸಿನಲ್ಲಿ, ಮತ್ತೆ ಅದೇ ಪ್ರಯತ್ನ ಮಾಡಿದಾಗ ದೂರ 22.547 ಕಿ.ಮೀ.ಗೆ ಇಳಿದಿತ್ತು. ಇಳಿಯುತ್ತದೆ ಎಂದು ಗೊತ್ತಿದ್ದೇ ಅವರು ಟ್ರ್ಯಾಕಿಗೆ ಇಳಿದಿರಬೇಕು. ನನಗೆ ಅವರ ಮೇಲೆ ಗೌರವ ಹೆಚ್ಚಿದ್ದು ಆ ಮೂರನೆಯ ಅಂಕಿ ಓದಿದಾಗ. ನೀನೋ, ನಲವತ್ತೆಂಟಕ್ಕೇ ಗಂಟುಮೂಟೆ ಕಟ್ಟುತ್ತಿದ್ದೀಯ.

ಸೈಕಲ್‌ನಲ್ಲಿ ವೇಗವನ್ನೇ ಕೇಳದ ಒಂದು ಪರಂಪರೆ ಇದೆಯಲ್ಲ, ಅದನ್ನು ಹೇಗೆ ಮರೆತೆ? ಬ್ರೆವೆಯಲ್ಲಿ, ಅಂದರೆ ಗೊತ್ತುಪಡಿಸಿದ ದೂರವನ್ನು ಗಡುವಿನೊಳಗೆ ಮುಗಿಸಿದರೆ ಸಾಕೆನ್ನುವ ಸವಾರಿಯಲ್ಲಿ, 200 ಕಿ.ಮೀ.ಗೆ 13 ಗಂಟೆ 30 ನಿಮಿಷ ಕೊಡುತ್ತಾರೆ. ಇಡ್ಲಿ ತಿನ್ನುವುದು, ಪಂಕ್ಚರ್ ಹಾಕುವುದು, ಅರಳಿಕಟ್ಟೆಯ ಮೇಲೆ ಹತ್ತು ನಿಮಿಷ ಕಾಲು ಚಾಚುವುದು ಎಲ್ಲವೂ ಅದರೊಳಗೇ. ಮೊದಲು ಬಂದವನಿಗೆ ಪದಕವೂ ಇಲ್ಲ, ಕೊನೆಗೆ ಬಂದವನಿಗೆ ಅವಮಾನವೂ ಇಲ್ಲ. ತೀರಾ ಬೇಗ ಮುಟ್ಟಿದವನು, ಸವಾರರು ಬಂದುಹೋದದ್ದನ್ನು ಗುರುತು ಹಾಕಿಕೊಳ್ಳುವ ನಿಯಂತ್ರಣ ಕೇಂದ್ರದ ಬಾಗಿಲು ತೆರೆಯುವವರೆಗೆ ಕಾಯಬೇಕು. ಈ ನಿಯಮ ಬರೆದವರಿಗೆ ಕೈಮುಗಿಯಬೇಕು ಅನ್ನಿಸುತ್ತದೆ ನನಗೆ. ಇಂಥ ಸವಾರಿಗಳ ದೊಡ್ಡ ಹಬ್ಬ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್. ಅದು 1891ರಲ್ಲಿ ಸ್ಪರ್ಧೆಯಾಗಿ ಶುರುವಾಯಿತು. 1931ರಲ್ಲಿ ನಮ್ಮಂಥ ಹವ್ಯಾಸಿಗಳಿಗೆ ಬೇರೆಯೇ ಸವಾರಿ ಸೇರಿತು. ವೃತ್ತಿಪರರ ಸ್ಪರ್ಧೆ 1951ಕ್ಕೇ ನಿಂತುಹೋಯಿತು. ಹವ್ಯಾಸಿಗಳು ಮಾತ್ರ ಈಗಲೂ ನಾಲ್ಕು ವರ್ಷಕ್ಕೊಮ್ಮೆ 90 ಗಂಟೆಯ ಗಡುವಿನಲ್ಲಿ ಆ 1200 ಕಿ.ಮೀ. ತುಳಿಯುತ್ತಿದ್ದಾರೆ. ನಮ್ಮ ಕರ್ನಾಟಕದವರೂ ಹೋಗಿ ಪೂರೈಸಿ ಬಂದಿದ್ದಾರೆ.

ಇಲ್ಲಿಯ ಸುದ್ದಿ ಕೇಳು. ಭಾನುವಾರಗಳಲ್ಲಿ ಈಗಲೂ ಮೇಲುಕೋಟೆಗೆ ಹೋಗುತ್ತೇನೆ. ಶ್ರೀರಂಗಪಟ್ಟಣ ದಾಟಿ ಪಾಂಡವಪುರದ ಕಡೆ ತಿರುಗಿದರೆ ನಾಲೆಯ ತಂಪು ಕಾಲಿಗೆ ತಾಗುತ್ತದೆ. ಆಲೆಮನೆ ಕಣ್ಣಿಗೆ ಬೀಳುವ ಮೊದಲೇ ಬೆಲ್ಲದ ವಾಸನೆ ಮೂಗಿಗೆ ಬರುತ್ತದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಅದರಿಂದಲೇ ತಿಳಿಯಬಹುದು. ಕೊನೆಯ ಏರಿನಲ್ಲಿ ಅತಿ ಸಣ್ಣ ಗೇರಿಗೆ ಹಾಕಿ, ಪಕ್ಕದಲ್ಲಿ ಸೌದೆ ಹೊತ್ತು ನಡೆಯುವವರ ಜೊತೆ ಮಾತಾಡುವಷ್ಟು ನಿಧಾನವಾಗಿ ಹತ್ತುತ್ತೇನೆ. ಮೊದಲು ಅದೇ ಏರಿನಲ್ಲಿ ತಲೆ ತಗ್ಗಿಸಿ ಮುಂದಿನ ಚಕ್ರವನ್ನಷ್ಟೇ ನೋಡುತ್ತಿದ್ದೆವು, ನೀನೂ ನಾನೂ. ಆ ಸುಖವೂ ದೊಡ್ಡದೇ, ಅಲ್ಲಗಳೆಯುವುದಿಲ್ಲ. ಆಷಾಢದಲ್ಲಿ ತಿ. ನರಸೀಪುರಕ್ಕೆ ಹೋಗಿ ಮೈಸೂರಿಗೆ ಮರಳುವಾಗ ಪಡುವಣ ಗಾಳಿ ಎದೆಗೆ ಬಡಿಯುತ್ತದಲ್ಲ, ಅದರ ಎದುರು ಪೆಡಲ್ ಒತ್ತುವಾಗ ಮೈಯಲ್ಲಿ ಏಳುವ ಹಟ ಇನ್ನೂ ಹಾಗೆಯೇ ಇದೆ. ಅದಕ್ಕೆ ವಯಸ್ಸು ತಟ್ಟಿಲ್ಲ.

ಓಟವನ್ನೂ ಬಿಟ್ಟಿಲ್ಲ. ಸೈಕಲ್ ಮೊಣಕಾಲಿಗೆ ದಯೆ ತೋರುತ್ತದೆ, ನಿಜ. ಆದರೆ ದೇಹದ ಭಾರ ಸೀಟಿನ ಮೇಲಿರುವುದರಿಂದ ಮೂಳೆಗೆ ಕೆಲಸ ಸಿಗುವುದಿಲ್ಲ. ಸೈಕಲ್ಲನ್ನಷ್ಟೇ ನೆಚ್ಚಿಕೊಂಡವರ ಮೂಳೆ ಸಾಂದ್ರತೆ ತಗ್ಗುವುದುಂಟು. ನೆಲಕ್ಕೆ ಪಾದ ಬೀಳಲೇಬೇಕು. ವಾರದ ನಡುವೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಓಡುತ್ತೇನೆ. ಮೊದಲ ಕೆಲವು ನಿಮಿಷ ಕಾಲು, ಉಸಿರು, ಮನಸ್ಸು ಮೂರೂ ಮೂರು ದಾರಿ. ಅವು ಒಂದಾಗುವ ಗಳಿಗೆ ಯಾವಾಗ ಬಂತೆಂದು ಇವತ್ತಿಗೂ ಹಿಡಿಯಲಾಗಿಲ್ಲ. ಬಂದ ಮೇಲೆ ಮಾತ್ರ ಇನ್ನೊಂದು ಸುತ್ತು ಹಾಕದೆ ಮನೆಗೆ ಹೋಗಲು ಮನಸ್ಸಾಗುವುದಿಲ್ಲ.

ನಿನ್ನ ಆರಾಧ್ಯ ಶಿವನಾಥ್ ಸಿಂಗ್ 1978ರಲ್ಲಿ ಜಲಂಧರ್‌ನಲ್ಲಿ 2 ಗಂಟೆ 12 ನಿಮಿಷಕ್ಕೆ ಮ್ಯಾರಥಾನ್ ಮುಗಿಸಿದರು. ಆ ರಾಷ್ಟ್ರೀಯ ದಾಖಲೆ ನಲವತ್ತು ವರ್ಷಕ್ಕೂ ಮೀರಿ ಉಳಿಯಿತು. ಬರಿಗಾಲಿಗೆ ಪಟ್ಟಿ ಸುತ್ತಿಕೊಂಡು ಓಡುತ್ತಿದ್ದರು ಎಂದು ನನಗೆ ಹೇಳಿದವನೇ ನೀನು. ಅವರ ಸಮಯದ ಹತ್ತಿರಕ್ಕೆ ನಾವು ಯೌವನದಲ್ಲೂ ಸುಳಿಯಲಿಲ್ಲ. ಆದರೂ ಅದೇ 42.195 ಕಿ.ಮೀ. ಓಡಿದ ದಿನ ನಿನ್ನ ಮುಖದಲ್ಲಿ ಎಂಥ ಕಳೆಯಿತ್ತು! ಎರಡು ಗಂಟೆ ತಡವಾಗಿ ಬಂದದ್ದಕ್ಕೆ ಅಂದು ನೀನು ಕೊರಗಲಿಲ್ಲ. ಈಗ ಇನ್ನಷ್ಟು ತಡವಾಗುತ್ತದೆ ಎಂದು ಕೊರಗುವುದೇಕೆ?

ನಾನು ಯೋಚಿಸಿಟ್ಟಿರುವುದು ಹೀಗೆ. ಬರುವ ಜನವರಿಯಲ್ಲಿ ಒಂದು 200 ಕಿ.ಮೀ. ಬ್ರೆವೆಗೆ ಹೆಸರು ಕೊಡೋಣ. ಅದಕ್ಕೆ ಮೊದಲು ಡಿಸೆಂಬರ್‌ನಲ್ಲಿ ಎರಡು ದಿನ ರಜೆ ಹಾಕಿ ಧಾರವಾಡದಿಂದ ಇಲ್ಲಿಗೆ ಬಾ. ನಂಜನಗೂಡಿನ ಮೇಲೆ ಗುಂಡ್ಲುಪೇಟೆಗೆ ಹೋಗಿ ಬರೋಣ. ಹೋಗಿ ಬರಲು ಸುಮಾರು 120 ಕಿ.ಮೀ. ಬೆಳಗಿನ ಚಳಿ ಬಿಡುವ ಮುಂಚೆ ಕಪಿಲೆ ದಾಟಿದರೆ ಮಧ್ಯಾಹ್ನದ ಬಿಸಿಲಿಗೆ ಹೆದರಬೇಕಿಲ್ಲ. ಅಲ್ಲಿಯವರೆಗೆ ವಾರಕ್ಕೆ ನಾಲ್ಕು ದಿನ, ಮಾತಾಡಲು ಉಸಿರು ಉಳಿಯುವಷ್ಟೇ ವೇಗದಲ್ಲಿ, ಮುಕ್ಕಾಲು ಗಂಟೆ ಓಡು ಇಲ್ಲವೇ ತುಳಿ. ಗಡಿಯಾರವನ್ನು ಮನೆಯಲ್ಲೇ ಬಿಟ್ಟುಹೋಗು. ಮಾರ್ಶಾಂ ಅವರ ಲೆಕ್ಕದಲ್ಲಿ ಹಗುರವೇ ಹೆಚ್ಚು, ನೆನಪಿರಲಿ.

ಇಷ್ಟು ದಿನ ಗೋಡೆಗೆ ಒರಗಿ ನಿಂತ ಸೈಕಲ್‌ನ ಟೈರ್ ಖಂಡಿತ ಬಿರುಕು ಬಿಟ್ಟಿರುತ್ತದೆ, ಅದನ್ನು ನಂಬಿ ರಸ್ತೆಗೆ ಇಳಿಯಬೇಡ. ಟೈರ್ ಪಕ್ಕದಲ್ಲಿ ಅಳತೆ ಅಚ್ಚಾಗಿರುತ್ತದೆ, ನೋಡಿ ಬರೆದು ಕಳಿಸು. ಹೊಸ ಜೋಡಿ ಈ ವಾರವೇ ಕೊರಿಯರ್ ಮಾಡುತ್ತೇನೆ. ಚೈನಿಗೆ ಎಣ್ಣೆ ಬಿಡುವ ಮೊದಲು ಸೀಮೆಎಣ್ಣೆಯಲ್ಲಿ ಚೆನ್ನಾಗಿ ತೊಳೆ. ಕೊಳ್ಳಲು ಬಂದವನಿಗೆ ಇವತ್ತೇ ಫೋನ್ ಮಾಡಿ ಇಲ್ಲವೆಂದು ಹೇಳಿಬಿಡು.

ಇತಿ ನಿನ್ನ,
ಮೈಸೂರಿನ ಗೆಳೆಯ