ಕಿಮೋ ನಡೆಯುವಾಗಿನ ಜ್ವರ ‘ಮಳೆಗಾಲದ ಜ್ವರ’ ಅಲ್ಲ

ಮಾನ್ಯ ಸಂಪಾದಕರೇ,

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಕ್ಯಾನ್ಸರ್‌ನ ಕಿಮೋ ಚಿಕಿತ್ಸೆಗೆ ಹೋಗುವವರು ಸಾಮಾನ್ಯವಾಗಿ ಆಸ್ಪತ್ರೆಯಲ್ಲಿರುವುದು ಒಂದೆರಡು ದಿನ. ಮೂರು ವಾರಕ್ಕೊಂದು ಕಿಮೋ ಎಂದಾದರೆ ಉಳಿದ ದಿನಗಳೆಲ್ಲ ಮನೆಯಲ್ಲೇ. ಅಷ್ಟೂ ದಿನ ನೋಡಿಕೊಳ್ಳಬೇಕಾದವರು ಗಂಡ ಅಥವಾ ಹೆಂಡತಿ. ಅವರ ಕೈಗೆ ಸಿಗುವ ಡಿಸ್ಚಾರ್ಜ್ ಕಾಗದ ಮಾತ್ರ ಇಂಗ್ಲಿಷಿನಲ್ಲಿರುತ್ತದೆ.

ಅವರು ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದದ್ದು ಜ್ವರದ ವಿಷಯ. ಕಿಮೋ ಕೊಟ್ಟ ಏಳರಿಂದ ಹದಿನಾಲ್ಕನೇ ದಿನದ ನಡುವೆ ಬಿಳಿ ರಕ್ತಕಣಗಳು ಸಾಮಾನ್ಯವಾಗಿ ತೀರಾ ಕೆಳಗಿಳಿಯುತ್ತವೆ. ಆಗ ಮೈಬಿಸಿ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅಥವಾ ಜ್ವರವಿಲ್ಲದೆಯೂ ಗಡಗಡ ನಡುಕ ಬಂದರೆ ಬೆಳಗಾಗುವವರೆಗೆ ಕಾಯುವಂತಿಲ್ಲ. ಪ್ಯಾರಾಸಿಟಮಾಲ್ ನುಂಗಿಸಿ ಮಲಗಿಸುವುದು ದೊಡ್ಡ ತಪ್ಪು. ಮೈಬಿಸಿ ಇಳಿಯುತ್ತದೆ, ಸೋಂಕು ಒಳಗೇ ಏರುತ್ತಿರುತ್ತದೆ. ಕೆಮ್ಮಿಲ್ಲ, ಕೀವಿಲ್ಲ ಎಂದು ಸಮಾಧಾನಪಟ್ಟುಕೊಳ್ಳಲೂಬಾರದು. ಕೀವಾಗಲು ಬಿಳಿಕಣ ಬೇಕು, ಆ ದಿನಗಳಲ್ಲಿ ಅದೇ ಇರುವುದಿಲ್ಲ.

ಡಿಜಿಟಲ್ ಥರ್ಮಾಮೀಟರ್ ಮನೆಯಲ್ಲಿ ಇರಲೇಬೇಕು. ನಾಲಿಗೆಯಡಿ ಇಟ್ಟು ನೋಡಿ; ಬಿಸಿ ಕಷಾಯ, ಕಾಫಿ ಕುಡಿದಿದ್ದರೆ ಇಪ್ಪತ್ತು ನಿಮಿಷ ಬಿಡಿ. ಕಂಕುಳಲ್ಲಿಟ್ಟರೆ ಅರ್ಧದಿಂದ ಒಂದು ಡಿಗ್ರಿ ಕಡಿಮೆ ತೋರಿಸುತ್ತದೆ ಎಂಬುದು ನೆನಪಿರಲಿ. ಬೆಳಿಗ್ಗೆ, ಸಂಜೆ ನೋಡಿ ಕ್ಯಾಲೆಂಡರಿನಲ್ಲೇ ಆ ದಿನದ ಮನೆಯೊಳಗೆ ಬರೆದಿಟ್ಟರೆ ಕಿಮೋ ಆಗಿ ಎಷ್ಟನೇ ದಿನ ಎಂಬ ಲೆಕ್ಕವೂ ಅಲ್ಲೇ ಸಿಗುತ್ತದೆ.

ನಮ್ಮ ಭಾಗದಲ್ಲಿ ಇನ್ನೊಂದು ತೊಡಕಿದೆ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದೇ 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಮಳೆಗಾಲ ಬಂದರೆ ಡೆಂಗಿ, ಇಲಿಜ್ವರ. ಹೀಗಾಗಿ ಜ್ವರ ಎಂದೊಡನೆ ಎಲ್ಲರ ಯೋಚನೆಯೂ ಅತ್ತ ಹೋಗುತ್ತದೆ. ಆಸ್ಪತ್ರೆಯ ಬಾಗಿಲಲ್ಲೇ ಹೇಳಬೇಕಾದ ಮಾತು ಇಷ್ಟು: ‘ಕಿಮೋ ಆಗಿ ಹತ್ತು ದಿನ ಆಯ್ತು, ಜ್ವರ 101 ಇದೆ, ಈಗಲೇ ರಕ್ತಕಣ ಎಣಿಸಿ.’ ವರದಿ ಕೈಗೆ ಬಂದಾಗ ಒಟ್ಟು ಬಿಳಿಕಣಕ್ಕೆ ಅದರಲ್ಲಿ ಸೋಂಕಿನೊಡನೆ ಸೆಣಸುವ ಕಣಗಳಾದ ನ್ಯೂಟ್ರೋಫಿಲ್‌ನ ಶೇಕಡಾವಾರು ಹಾಕಿ ನೋಡಿ. ಒಟ್ಟು 1,200 ಇದ್ದು ನ್ಯೂಟ್ರೋಫಿಲ್ ಶೇ 30 ಇದ್ದರೆ 360 ಆಯಿತು. 500ಕ್ಕಿಂತ ಕಡಿಮೆ ಎಂದರೆ ತೀರಾ ಅಪಾಯ. ಆ ಹೊತ್ತಿನಲ್ಲಿ ರಕ್ತನಾಳಕ್ಕೆ ಆ್ಯಂಟಿಬಯಾಟಿಕ್ ಒಂದು ಗಂಟೆಯೊಳಗೆ ಹೋಗಬೇಕು. ವರದಿ ತಡವಾಗುತ್ತದೆ ಎಂದು ಅದನ್ನು ತಡೆದಿಡಬಾರದು.

ಬಿಳಿಕಣ ಏರಿಸುವ ಇಂಜೆಕ್ಷನ್ ಬರೆದುಕೊಟ್ಟಿದ್ದರೆ ಕಿಮೋ ಮುಗಿದು 24 ಗಂಟೆಯಾಗುವ ಮೊದಲು ಅದನ್ನು ಹಾಕಿಸಬಾರದು. ಅದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಪೇಟೆಯಿಂದ ತರುವಾಗ ಐಸ್‌ಗೆ ನೇರ ತಾಗಿ ಹೆಪ್ಪುಗಟ್ಟಿದರೆ ಕೆಟ್ಟಿತೆಂದೇ ಲೆಕ್ಕ; ನಡುವೆ ಬಟ್ಟೆ ಸುತ್ತಿಡಿ. ಕರೆಂಟು ದಿನಗಟ್ಟಲೆ ಹೋಗುವ ಊರಾದರೆ ಒಟ್ಟಿಗೆ ತಂದಿಡದೆ ಹತ್ತಿರದ ಔಷಧಿ ಅಂಗಡಿಯಲ್ಲೇ ಇಡಿಸಿ ದಿನಕ್ಕೊಂದರಂತೆ ತರುವುದು ಕ್ಷೇಮ.

ಅಡುಗೆಮನೆಯಲ್ಲೂ ಸ್ವಲ್ಪ ಬದಲಾಗಬೇಕು. ಒಂದೆಲಗದ ಹಸಿ ತಂಬುಳಿ ನಮಗೆಲ್ಲ ಪ್ರಿಯ, ಆದರೆ ಅದು ನೆಲಕ್ಕಂಟಿ ಬೆಳೆಯುವ ಸೊಪ್ಪು. ಈ ದಿನಗಳಲ್ಲಿ ಚೆನ್ನಾಗಿ ತೊಳೆದು, ಬೇಯಿಸಿಯೇ ಅರೆಯಿರಿ. ಬಾವಿ ನೀರು, ಮನೆಯ ಹಾಲು ಕುದಿಸಲೇಬೇಕು. ಒಗ್ಗರಣೆಯ ವಾಸನೆಗೆ ವಾಕರಿಕೆ ಬರುವುದರಿಂದ ರೋಗಿ ದೂರದ ಕೋಣೆಯಲ್ಲಿರುವಾಗ ಅಡುಗೆ ಮುಗಿಸಿ, ಆರಿದ ಮೇಲೆ ಬಡಿಸಿ. ವಾಂತಿ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ಕೊಡಿ. ಒಂಡಾನ್‌ಸೆಟ್ರಾನ್ ಆದರೆ ಮಲಬದ್ಧತೆಯೂ ಆಗುತ್ತದೆ. ವೈದ್ಯರನ್ನು ಕೇಳದೆ ಎನಿಮಾ ಕೊಡಬೇಡಿ, ಗುದದಲ್ಲಿ ಗಾಯವಾದರೆ ಸೋಂಕಿಗೆ ದಾರಿ. ಬಾಯಿಹುಣ್ಣಾದಾಗ ಅಪ್ಪೆಮಿಡಿ ಉಪ್ಪಿನಕಾಯಿ ಬೇಡ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ ಹಾಕಿ ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಿ ಉಗುಳಲಿ. ಚಮಚವೆಂದರೆ ಟೀ ಚಮಚ. ಆ ನೀರನ್ನು ದಿನಾ ಹೊಸದಾಗಿ ಮಾಡಬೇಕು.

ಬಚ್ಚಲುಮನೆಯ ಕಡೆ ಯಾರೂ ಅಷ್ಟು ಗಮನ ಕೊಡುವುದಿಲ್ಲ. ಪ್ಯಾಕ್ಲಿಟ್ಯಾಕ್ಸೆಲ್‌ನಂಥ ಕಿಮೋ ಔಷಧಿಗೆ ಬೆರಳ ತುದಿ, ಅಂಗಾಲು ಜೋಮು ಹಿಡಿಯುತ್ತವೆ. ಹಂಡೆಯಿಂದ ತೋಡಿದ ನೀರು ಕೈ ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ಬೆರೆಸಿ, ನಿಮ್ಮ ಮೊಣಕೈ ಅದ್ದಿ ನೋಡಿದ ಮೇಲೆಯೇ ತಂಬಿಗೆ ಕೊಡಿ. ಆಕ್ಸಾಲಿಪ್ಲಾಟಿನ್ ಎಂಬ ಕಿಮೋ ಔಷಧಿ ಆದವರದ್ದು ಇದಕ್ಕೆ ತದ್ವಿರುದ್ಧ: ತಣ್ಣೀರು ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ, ತಣ್ಣಗಿನದ್ದು ಕುಡಿದರೆ ಗಂಟಲು ಕಟ್ಟಿದಂತಾಗುತ್ತದೆ. ಮಲೆನಾಡಿನ ಆಷಾಢದಲ್ಲಿ ಕೊಡದ ನೀರೇ ಅದಕ್ಕೆ ಸಾಕು. ಕೆಲವು ದಿನ ಉಗುರುಬೆಚ್ಚಗಿನ ನೀರು, ಕಿವಿ ಮುಚ್ಚುವ ಮಫ್ಲರ್, ಕೈಗವಸು ಇರಲಿ. ಅಂಗಳದ ಹಾವಸೆಯನ್ನು ಕೆರೆದು ತೆಗೆದು ರಾತ್ರಿ ಕಾಲುದಾರಿಗೆ ದೀಪ ಹಾಕಿ. ಪ್ಲೇಟ್‌ಲೆಟ್ ಇಳಿದಿರುವಾಗ ಜಾರಿ ಬಿದ್ದರೆ ರಕ್ತಸ್ರಾವ ಬೇಗ ನಿಲ್ಲುವುದಿಲ್ಲ. ಉಂಬಳ (ಜಿಗಣೆ) ಕಚ್ಚಿದ ಗಾಯಕ್ಕೂ ಅದೇ ಮಾತು, ತೋಟಕ್ಕೆ ಹೋಗುವುದೇ ಬೇಡ. ಕೊಟ್ಟಿಗೆ ಕೆಲಸವೂ ಬೇಡ.

ಕಿಮೋ ಆದ 48 ಗಂಟೆಯ ತನಕ ಮೂತ್ರ, ಮಲ, ವಾಂತಿಯಲ್ಲಿ ಔಷಧಿಯ ಅಂಶ ಇರುತ್ತದೆ. ಶೌಚಕ್ಕೆ ಎರಡು ಸಲ ನೀರು ಹಾಕಿ, ಕೊಳೆಯಾದ ಬಟ್ಟೆಯನ್ನು ಗ್ಲೌಸ್ ಹಾಕಿಕೊಂಡು ಬೇರೆಯಾಗಿ ಎರಡು ಸಲ ಒಗೆಯಿರಿ. ಗರ್ಭಿಣಿಯರು ಇದನ್ನು ಮುಟ್ಟುವುದು ಬೇಡ. ಹಾಗೆಂದು ತಟ್ಟೆ ಲೋಟ ಬೇರೆ ಮಾಡಿ ಮೂಲೆಗೆ ಕೂರಿಸುವುದು ಕ್ರೌರ್ಯ. ಕ್ಯಾನ್ಸರ್ ಅಂಟುವುದಿಲ್ಲ, ಪಕ್ಕದಲ್ಲಿ ಕೂರಬಹುದು, ಕೈ ಹಿಡಿಯಬಹುದು, ಒಂದೇ ಹಾಸಿಗೆಯಲ್ಲಿ ಮಲಗಬಹುದು.

ನೆಂಟರು ತಂದುಕೊಡುವ ನಾಟಿ ಔಷಧಿಯನ್ನು ಗುಟ್ಟಾಗಿ ಕೊಡಬೇಡಿ. ಕೆಲವು ಬೇರು, ಚಕ್ಕೆ ಯಕೃತ್ತಿಗೆ ಪೆಟ್ಟು ಕೊಡುತ್ತವೆ, ಮುಂದಿನ ಕಿಮೋ ತಪ್ಪಿಹೋಗುತ್ತದೆ.

ಆರೋಗ್ಯ ಇಲಾಖೆಯಲ್ಲಿ ನಮ್ಮ ಕೇಳಿಕೆ ಎರಡು. ಕಿಮೋ ಪಡೆಯುವ ಪ್ರತಿಯೊಬ್ಬರಿಗೂ ಔಷಧಿಯ ಹೆಸರು, ಕೊಟ್ಟ ದಿನಾಂಕ, ‘100.4 ಡಿಗ್ರಿ ಬಂದರೆ ತಕ್ಷಣ ದಾಖಲಿಸಿ’ ಎಂಬ ಸೂಚನೆ ಇರುವ ಕನ್ನಡ ಕಾರ್ಡ್ ಕೊಡಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ರಾತ್ರಿಯೂ ರಕ್ತಕಣ ಎಣಿಸಿ, ಮೊದಲ ಆ್ಯಂಟಿಬಯಾಟಿಕ್ ಅಲ್ಲೇ ಹಾಕಿ, ಆಮೇಲೆ 108ರಲ್ಲಿ ಕಳುಹಿಸಿ. ಆಗುಂಬೆ ಕಡೆಯಿಂದ ಮಳೆಯಲ್ಲಿ ಶಿವಮೊಗ್ಗ ಮುಟ್ಟುವಷ್ಟರಲ್ಲಿ ಆ ಒಂದು ಗಂಟೆ ದಾರಿಯಲ್ಲೇ ಕಳೆದುಹೋಗಿರುತ್ತದೆ.

– ಕ್ಯಾನ್ಸರ್ ರೋಗಿಗಳ ಮನೆ ಆರೈಕೆಯಲ್ಲಿ ತೊಡಗಿರುವವರು, ತೀರ್ಥಹಳ್ಳಿ