ಸೇತುವೆಯ ಲೇಖನದಲ್ಲಿ ಬಿಟ್ಟುಹೋದವರು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಥಾಯ್ಲೆಂಡಿನ ಕಾಂಚನಬುರಿಯ ಕ್ವಾಯ್ ಸೇತುವೆಯ ಮೇಲಿನ ಪ್ರವಾಸ ಲೇಖನ ಓದಿದೆ. ತೇಲುವ ಹೋಟೆಲು, ರೈಲು ಸವಾರಿ, ಸುಮಾರು 7,000 ಸೈನಿಕರ ಸಮಾಧಿಗಳಿರುವ ಹಸಿರು ಸ್ಮಶಾನ, ಎಲ್ಲವೂ ಇದೆ. ಎರಡನೇ ಮಹಾಯುದ್ಧದಲ್ಲಿ ಈ ಸೇತುವೆಯ ಮೂಲಕ ಸಯಾಮಿನಿಂದ (ಇಂದಿನ ಥಾಯ್ಲೆಂಡ್) ಬರ್ಮಾಕ್ಕೆ 415 ಕಿ.ಮೀ. ಹಳಿ ಹಾಸಲು ಜಪಾನೀಯರು ದುಡಿಸಿಕೊಂಡವರಲ್ಲಿ ಬಿಳಿ ಸೆರೆಯಾಳುಗಳಿಗಿಂತ ಏಷ್ಯಾದ ಕೂಲಿಗಳೇ ಎಷ್ಟೋ ಪಾಲು ಹೆಚ್ಚು. ಅದು ಮಾತ್ರ ಬಂದಿಲ್ಲ.

ನಾನು ಕೆ.ಜಿ.ಎಫ್.ನಲ್ಲಿ ಹುಟ್ಟಿ ಬೆಳೆದವಳು, ತಮಿಳು ಚೆನ್ನಾಗಿ ಬರುತ್ತದೆ. ಕಳೆದ ವರ್ಷ ಕ್ವಾಲಾಲಂಪುರದಲ್ಲಿ ಮಗಳ ಮನೆಯಲ್ಲಿದ್ದಾಗ ಪಕ್ಕದ ಮನೆಯ ಅಕ್ಕನ ಪರಿಚಯವಾಯಿತು. ರಬ್ಬರ್ ತೋಟದಲ್ಲಿ ಬೆಳೆದವರು. ಅವರ ಅಪ್ಪ 'ಸಯಾಮಿಗೆ ಹೋಗಿ ಬಂದವರು'.

1943ರಲ್ಲಿ ಆ ಅಪ್ಪನಿಗೆ ಹತ್ತೊಂಬತ್ತು. ಪುಕ್ಕಟೆ ಸಿನಿಮಾ ಇದೆಯೆಂದು ಜಪಾನೀಯರು ಸಾರಿದರಂತೆ. ಜನ ಸೇರಿದ ಮೇಲೆ ಬಾಗಿಲು ಹಾಕಿ, ಗಟ್ಟಿಮುಟ್ಟಾದ ಗಂಡಸರನ್ನೆಲ್ಲ ಲಾರಿಗೆ ತುಂಬಿದರು. ಮಲಯಾದಲ್ಲಿ (ಈಗಿನ ಮಲೇಷ್ಯಾ) ಹೀಗೆ ಹಿಡಿದೊಯ್ದದ್ದು ಇವರೊಬ್ಬರ ಕಥೆಯಲ್ಲ. ಮಳೆಗಾಲದಲ್ಲಿ ಕಾಲರಾ ಬಂತು. ಸೆರೆಸಿಕ್ಕ ಸೈನಿಕರ ಶಿಬಿರಗಳಲ್ಲಿ ಅವರದೇ ವೈದ್ಯರಾದರೂ ಇದ್ದರು, ಹೆಸರಿನ ಪಟ್ಟಿ ಇತ್ತು. ಕೂಲಿಗಳಿಗೆ ಎರಡೂ ಇರಲಿಲ್ಲ. ಸೈನಿಕರಲ್ಲಿ 12,000ಕ್ಕೂ ಹೆಚ್ಚು ಜನ ಸತ್ತರೆಂದು ಲೆಕ್ಕ ಸಿಗುತ್ತದೆ. ಕೂಲಿಗಳದ್ದು 80,000ದಿಂದ ಒಂದು ಲಕ್ಷ ಎಂಬ ಅಂದಾಜು ಅಷ್ಟೇ.

ಮೊಣಕಾಲ ಕೆಳಗೆ ಹುಣ್ಣಿನ ಗುಳಿ ಇಟ್ಟುಕೊಂಡು 1945ರ ಕೊನೆಗೆ ಆ ಅಪ್ಪ ತೋಟಕ್ಕೆ ವಾಪಸಾದರು. ಗಣಿ ಕಾರ್ಮಿಕರ ಕೆಮ್ಮು ಕೇಳುತ್ತಾ ಬೆಳೆದ ನನಗೆ ಮೈಯ ರೋಗ ಗೊತ್ತು. ಇದು ಬೇರೆ. ಅಕ್ಕ ಹತ್ತು ವರ್ಷದವರಿದ್ದಾಗ ತೋಟದ ಬಯಲಿನಲ್ಲಿ ಬಿಳಿ ಪರದೆ ಕಟ್ಟಿ ಎಂ.ಜಿ.ಆರ್. ಸಿನಿಮಾ ತೋರಿಸಿದರಂತೆ. ಅಪ್ಪ ಜನರ ಮಧ್ಯದಿಂದ ಮಗಳ ರಟ್ಟೆ ಹಿಡಿದು ಎಳೆದುಕೊಂಡು ಬಂದು ಚಿಲಕ ಹಾಕಿದರು. "ದುಡ್ಡೇನೂ ಕೊಡಬೇಕಾಗಿಲ್ಲವಲ್ಲಪ್ಪಾ" ಎಂದು ಇವರು ಅತ್ತರೆ ಕೆನ್ನೆಗೆ ಹೊಡೆದರು. ಅದಕ್ಕೆ ಮುಂಚೆ ಒಂದು ದಿನವೂ ಹೊಡೆದವರಲ್ಲ. ಕಾರಣ ಗೊತ್ತಾಗುವಷ್ಟರಲ್ಲಿ ಅಕ್ಕನಿಗೆ ನಲವತ್ತಾಗಿತ್ತು, ಅದೂ ಚಿಕ್ಕಪ್ಪನ ಬಾಯಿಂದ. ಅಪ್ಪ ಕೊನೆಯವರೆಗೂ ಬಾಯಿಬಿಡಲಿಲ್ಲ. ತಲೆದಿಂಬಿನಡಿ ಒಂದು ಹಿಡಿ ಅಕ್ಕಿಯ ಗಂಟು ಇಟ್ಟುಕೊಂಡೇ ಮಲಗುತ್ತಿದ್ದರು.

2000ದಲ್ಲಿ ಬ್ರಿಟನ್ ಸರ್ಕಾರ, ಜಪಾನೀಯರ ಸೆರೆಯಲ್ಲಿದ್ದು ಬದುಕುಳಿದ ತನ್ನವರಿಗೆ ತಲಾ 10,000 ಪೌಂಡ್ ಘೋಷಿಸಿತು. ಆಗ ಈ ಅಪ್ಪನೂ ಬದುಕಿದ್ದರು. ಅವರ ಬಾಗಿಲಿಗೆ ಒಂದು ಕಾಗದವೂ ಬರಲಿಲ್ಲ.

ಅಕ್ಕನಿಗೀಗ ಎಪ್ಪತ್ತು. ಮನೆ ಮುಂದೆ ಲಾರಿ ನಿಂತ ಸದ್ದಾದರೆ ಮಾತು ಅರ್ಧಕ್ಕೇ ಬಿಟ್ಟು, ಗಂಡುಮಕ್ಕಳು ಎಲ್ಲಿದ್ದಾರೆಂದು ಫೋನ್ ಮಾಡುತ್ತಾರೆ. ನನ್ನೆದುರೇ ಮೂರು ಸಲ ಮಾಡಿದ್ದಾರೆ.

ನಿಮ್ಮ ಲೇಖಕರು ಮತ್ತೆ ಆ ಕಡೆ ಹೋದರೆ ಸೇತುವೆಯ ಮೇಲೆ ಫೋಟೊ ತೆಗೆಸಿಕೊಳ್ಳಲಿ, ಬೇಡವೆನ್ನಲಾರೆ. ಕೂಲಿಗಳ ಬಗ್ಗೆಯೂ ಒಂದು ಪ್ಯಾರಾ ಬರೆಯಲಿ.

– ನಿವೃತ್ತ ಶಿಕ್ಷಕಿ, ರಾಬರ್ಟ್‌ಸನ್‌ಪೇಟೆ, ಕೆ.ಜಿ.ಎಫ್.