ಬಣ್ಣ ಹಚ್ಚುವ ಕೈ ನಿನ್ನದೇ ಆಗಿರಲಿ

ಪುತ್ತೂರು

ಚಿರಂಜೀವಿ ಪುಟ್ಟಿಗೆ ಮಾವನ ಶುಭಾಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನು ಕಳುಹಿಸಿದ ಫೋಟೋಗಳನ್ನೂ ಅವುಗಳ ಜೊತೆಗೆ ಬರೆದ ಪ್ರಶ್ನೆಯನ್ನೂ ಸಾವಧಾನವಾಗಿ ನೋಡಿದೆ. ಎಡಗಣ್ಣಿನ ಸುತ್ತ ಹಬ್ಬಿರುವ ಬಿಳಿಮಚ್ಚೆಯ ಅಂಚಿಗೆ ನೀಲಿ ಗೆರೆ ಎಳೆದು, ಅದರ ಹೊರಗೆ ಹೊನ್ನಿನ ಬಣ್ಣದ ಸಣ್ಣ ಚುಕ್ಕೆಗಳನ್ನಿಟ್ಟು, ತುಟಿಯಂಚಿನ ಮಚ್ಚೆಗೆ ಮಾತ್ರ ಏನೂ ಹಚ್ಚದೆ ಹಾಗೆಯೇ ಬಿಟ್ಟಿರುವುದು ನನಗೆ ಬಹಳ ಹಿಡಿಸಿತು. ಅಜ್ಜಿ ಅದನ್ನು ಕಂಡು, "ಮುಚ್ಚುವುದಾದರೆ ಸರಿಯಾಗಿ ಮುಚ್ಚಬೇಕು, ಊರಿಗೆಲ್ಲ ತೋರಿಸುವುದು ಯಾಕೆ?" ಎಂದು ಬೇಸರಪಟ್ಟರೆಂದೂ, ಕಾಲೇಜಿನ ಗೆಳತಿಯರು ಮಾತ್ರ ಬಣ್ಣವನ್ನೇ ಬಿಟ್ಟುಬಿಡು, ಇದ್ದ ಹಾಗೆ ಇರುವುದೇ ಧೈರ್ಯ ಎನ್ನುತ್ತಾರೆಂದೂ ಬರೆದಿದ್ದೀಯೆ. ಬಣ್ಣ ಹಚ್ಚಿಕೊಂಡ ಮುಖ ನಿನ್ನದೋ, ಹಚ್ಚದ ಮುಖ ನಿನ್ನದೋ ಎಂಬ ಗೊಂದಲವೂ ನಿನ್ನ ಕಾಗದದಲ್ಲಿದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮುಚ್ಚಲೇಬೇಕು ಎನ್ನುವವರೂ ತೋರಿಸಲೇಬೇಕು ಎನ್ನುವವರೂ, ಎಷ್ಟೇ ಪ್ರೀತಿಯಿಂದ ಹೇಳಿದರೂ, ನಿನ್ನ ಮುಖದ ವಿಷಯದಲ್ಲಿ ತಾವು ತೀರ್ಮಾನ ಮಾಡುವುದಕ್ಕೆ ಹೊರಟವರೇ. ಇವತ್ತು ಮುಚ್ಚುವುದು, ನಾಳೆ ಬರಿಮುಖದಲ್ಲಿ ತಿರುಗಾಡುವುದು, ನಾಡಿದ್ದು ಮಚ್ಚೆಯನ್ನೇ ಚಿತ್ರವಾಗಿಸುವುದು, ಈ ಮೂರೂ ನಿನಗೆ ಸಲ್ಲುತ್ತವೆ. ಒಂದನ್ನು ಮಾಡಿದ ಕಾರಣಕ್ಕೆ ಇನ್ನೊಂದು ಸುಳ್ಳಾಗುವುದಿಲ್ಲ.

ತೆಂಕುತಿಟ್ಟು ಯಕ್ಷಗಾನದ ಚೌಕಿಗಳಲ್ಲಿ, ಅಂದರೆ ಬಣ್ಣದ ಮನೆಗಳಲ್ಲಿ, ವೇಷ ಕಟ್ಟಿ ಬಿಚ್ಚಿದವನಾದ್ದರಿಂದ ನನಗೆ ಇದು ಬರಿಯ ವಾದದ ಮಾತಲ್ಲ. ಕಥಕಳಿಯಲ್ಲಿ ಚುಟ್ಟಿ, ಅಂದರೆ ಮುಖದ ಮೇಲೆ ಎದ್ದು ನಿಲ್ಲುವ ಬಿಳಿ ಅಲಂಕಾರ, ಇಡುವುದಕ್ಕೆ ಬೇರೆ ಕಲಾವಿದರಿರುತ್ತಾರೆ, ವೇಷಧಾರಿ ಅಂಗಾತ ಮಲಗಿ ಅವರಿಗೆ ಮುಖ ಒಡ್ಡುತ್ತಾನೆ. ನಮ್ಮಲ್ಲಿ ತನ್ನ ಮುಖಕ್ಕೆ ತಾನೇ ಬರೆದುಕೊಳ್ಳಬೇಕು. ಕನ್ನಡಿಯ ಮುಂದೆ ಕುಳಿತು, ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿದ ಪಾಕವನ್ನು ಕಡ್ಡಿಯ ತುದಿಯಲ್ಲಿ ತೆಗೆದು ಚುಕ್ಕೆಚುಕ್ಕೆಯಾಗಿ ಸಾಲು ಹಿಡಿಸಿ, ಅದು ಒಣಗಿದ ಮೇಲೆ ಅದೇ ಚುಕ್ಕೆಯ ತಲೆಯ ಮೇಲೆ ಇನ್ನೊಂದನ್ನು ಏರಿಸಿ, ಕೆನ್ನೆಯ ತುಂಬ ಮುಳ್ಳುಗಳು ಎದ್ದು ನಿಲ್ಲುವವರೆಗೆ ಬಣ್ಣದ ವೇಷದವನು, ಅಂದರೆ ರಕ್ಕಸನ ಪಾತ್ರದವನು, ಮೂರು ನಾಲ್ಕು ಗಂಟೆ ಅಲ್ಲಾಡದೆ ಕೂರುತ್ತಾನೆ. ರಾವಣನ ಮುಖಕ್ಕೆ ಸಂಪ್ರದಾಯದ ಕಟ್ಟುಪಾಡು ಇದೆಯಾದರೂ ಅದನ್ನು ಅಗಲ ಹಣೆಯವನು ಒಂದು ರೀತಿ, ಕೆನ್ನೆ ಒಳಗೆ ಹೋದವನು ಇನ್ನೊಂದು ರೀತಿ ತನ್ನ ಮುಖಕ್ಕೆ ಹೊಂದಿಸಿಕೊಳ್ಳುವುದರಿಂದ ಒಬ್ಬನ ರಾವಣ ಇನ್ನೊಬ್ಬನ ರಾವಣನಂತಿರುವುದಿಲ್ಲ.

ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹಿರಿಯ ವೇಷಧಾರಿಯೊಬ್ಬರಿಗೆ ಚಿಕ್ಕಂದಿನಲ್ಲಿ ಸಿಡುಬು ಬಂದು ಮುಖದ ತುಂಬ ಗುಳಿಗಳು ಉಳಿದಿದ್ದವು. (ಭಾರತದಲ್ಲಿ ಸಿಡುಬು 1975ರಲ್ಲಿ ಕೊನೆಗೊಂಡಿತು, ನಿನ್ನ ವಯಸ್ಸಿನವರಿಗೆ ಅಂಥ ಮುಖಗಳ ಪರಿಚಯವೇ ಇರಲಾರದು.) ಅವರು ಗುಳಿಗಳನ್ನು ಮೆತ್ತಿ ಸಪಾಟು ಮಾಡುವುದಕ್ಕೆ ಹೋಗುತ್ತಿರಲಿಲ್ಲ. ಬಣ್ಣವನ್ನು ತೆಳುವಾಗಿ ಹಚ್ಚಿ, ಗುಳಿಯ ಅಂಚು ಹಿಡಿದು ಗೆರೆ ಎಳೆದು, ದೀಪದ ಬೆಳಕಿಗೆ ಆ ಮುಖ ಒರಟಾಗಿ ಕಾಣುವಂತೆ ಮಾಡುತ್ತಿದ್ದರು. ರಕ್ಕಸನ ಮುಖಕ್ಕೆ ಅದಕ್ಕಿಂತ ಹೆಚ್ಚು ಇನ್ನೇನು ಬೇಕು? ಅದೇ ಮನುಷ್ಯ ಮಗಳ ಮದುವೆಯ ದಿನ ಮುಖಕ್ಕೆ ನಯವಾಗಿ ಪೌಡರ್ ಹಚ್ಚಿಕೊಂಡು ಬಂದಿದ್ದರು. ಎರಡರಲ್ಲಿ ಯಾವುದು ಅವರ ನಿಜವಾದ ಮುಖ ಎಂದು ನಾವ್ಯಾರೂ ಕೇಳಲಿಲ್ಲ, ಅವರೂ ಕೇಳಿಕೊಂಡವರಲ್ಲ.

ನಿನಗೆ ಇನ್ನೊಬ್ಬ ಹೆಂಗಸಿನ ವಿಷಯವನ್ನೂ ಹೇಳಬೇಕು. ಅಮೆರಿಕದ ಲಿಡಿಯಾ ಓ'ಲಿಯರಿ ಎಂಬಾಕೆಗೆ ಮುಖದ ಮೇಲೆ ಹುಟ್ಟಿನಿಂದಲೇ ದ್ರಾಕ್ಷಾರಸದ ಬಣ್ಣದ ದೊಡ್ಡ ಮಚ್ಚೆಯಿತ್ತು. ಆಕೆ ಅದನ್ನು ಮುಚ್ಚುವಂಥ ದಪ್ಪ ಲೇಪವೊಂದನ್ನು ತಾನೇ ತಯಾರಿಸಿ, ಕವರ್‌ಮಾರ್ಕ್ ಎಂಬ ಹೆಸರಿನಲ್ಲಿ ಮಾರಾಟಕ್ಕಿಟ್ಟು, 1932ರಲ್ಲಿ ಅದಕ್ಕೆ ಪೇಟೆಂಟ್ ಪಡೆದಳು. ಆ ಪೇಟೆಂಟ್ ಸುಲಭವಾಗಿ ಸಿಗಲಿಲ್ಲವೆಂದೂ, ವಿಚಾರಣೆಯಲ್ಲಿ ಎಲ್ಲರೆದುರು ಲೇಪವನ್ನು ಒರೆಸಿ ತನ್ನ ಮಚ್ಚೆಯನ್ನು ತೋರಿಸಿಯೇ ಆಕೆ ಅದನ್ನು ಗೆದ್ದಳೆಂದೂ ಆಕೆಯ ಕಥೆ ಹೇಳುವವರು ಹೇಳುತ್ತಾರೆ. ಕೆಲಸಕ್ಕೆ ಹೋಗುವಾಗ ಮುಚ್ಚಿಕೊಂಡವಳೂ ಬೇಕಾದ ಕಡೆ ಒರೆಸಿ ತೋರಿಸಿದವಳೂ ಒಬ್ಬಳೇ. ನಮ್ಮ ಕಾಲದಲ್ಲಿ ಕೆನಡಾದ ವಿನ್ನಿ ಹಾರ್ಲೊ ನಿನ್ನ ಹಾಗೆಯೇ ಕಣ್ಣು ಬಾಯಿಗಳ ಸುತ್ತ ಬಿಳಿಮಚ್ಚೆ ಇರುವವಳು. 2014ರಲ್ಲಿ ಟೀವಿಯ ಮಾಡೆಲ್ ಸ್ಪರ್ಧೆಯೊಂದರಿಂದ ಹೆಸರಾದವಳು. ತನ್ನನ್ನು ಮಚ್ಚೆಯ ಹೆಸರಿನಿಂದ ಗುರುತಿಸಬೇಡಿ, ನಾನು ಮಾಡೆಲ್ ಅಷ್ಟೇ ಎಂಬ ಅರ್ಥದ ಮಾತನ್ನು ಅವಳು ಬಹಿರಂಗವಾಗಿ ಹೇಳಿದ್ದಾಳೆ. ನಿನ್ನ ಗೆಳತಿಯರಿಗೆ ಈ ಮಾತು ತಿಳಿದಿರಲಿ. ಮಚ್ಚೆಯಿರುವವರೆಲ್ಲರ ಪರವಾಗಿ ದಿನವೂ ಧೈರ್ಯ ತೋರಿಸುತ್ತಿರುವ ಜವಾಬ್ದಾರಿ ನಿನ್ನ ಮೇಲಿಲ್ಲ.

ಇಷ್ಟು ಹೇಳಿದ ಮೇಲೆ, ಬಣ್ಣದ ಕೆಳಗಿರುವ ಚರ್ಮದ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟಾಗಿಯೇ ಮಾತಾಡುತ್ತೇನೆ. ಹಿಂದಿನ ವೇಷಧಾರಿಗಳು ಹಳದಿಗೆ ಅರದಾಳವನ್ನೂ ಕೆಂಪಿಗೆ ಇಂಗಳೀಕವನ್ನೂ ಬಳಸುತ್ತಿದ್ದರು. ಅರದಾಳದಲ್ಲಿ ಆರ್ಸೆನಿಕ್ ಇದೆ, ಇಂಗಳೀಕದಲ್ಲಿ ಪಾದರಸವಿದೆ. ಆದ್ದರಿಂದ ಹಳೆಯದು, ನೈಸರ್ಗಿಕವಾದದ್ದು ಎಂದ ಮಾತ್ರಕ್ಕೆ ಯಾವುದನ್ನೂ ನಂಬಿ ಹಚ್ಚಬೇಡ. ಚರ್ಮಕ್ಕೆಂದೇ ತಯಾರಾದ ಬಣ್ಣಗಳನ್ನು ಬಿಟ್ಟು ಚಿತ್ರಕಲೆಯ ಡಬ್ಬಿಯ ಬಣ್ಣವನ್ನು ಎಂದೂ ಮುಟ್ಟಬೇಡ.

ನಿನ್ನ ಮೂರನೆಯ ಫೋಟೋದಲ್ಲಿ ಕೆನ್ನೆಯ ಮೂಳೆಯ ಮೇಲೆ ಸಾಲಾಗಿ ಅಂಟಿಸಿದ ಹರಳುಗಳಿವೆ. ಅವು ಚೆಂದ ಕಾಣುತ್ತವೆ, ಆದರೂ ನನಗೆ ಗಾಬರಿಯಾದದ್ದು ಅವುಗಳನ್ನು ನೋಡಿಯೇ. ನಮ್ಮ ದೇಶದಲ್ಲಿ ಅಂಟುಬಿಂದಿ ಇಡುವ ಎಷ್ಟೋ ಹೆಂಗಸರಿಗೆ ಸರಿಯಾಗಿ ಬಿಂದಿಯ ಜಾಗದಲ್ಲೇ ಹಣೆ ಬೆಳ್ಳಗಾಗುವುದನ್ನು ಚರ್ಮವೈದ್ಯರು ಬಹುಕಾಲದಿಂದ ಕಾಣುತ್ತ ಬಂದಿದ್ದಾರೆ. ಅಂಟಿನಲ್ಲಿರುವ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್ ಎಂಬ ರಾಸಾಯನಿಕ ಬಣ್ಣ ತಯಾರಿಸುವ ಮೆಲನೋಸೈಟ್ ಕೋಶಗಳನ್ನು ಕೊಲ್ಲುವುದೇ ಅದಕ್ಕೆ ಕಾರಣ. ನಿನ್ನ ದೇಹದಲ್ಲಿ ಆ ಕೋಶಗಳ ಮೇಲೆ ರೋಗನಿರೋಧಕ ವ್ಯವಸ್ಥೆಯೇ ತಿರುಗಿಬಿದ್ದಿದೆ; ಅಂಟಿನ ವಿಷವನ್ನು ಬೇರೆ ಅದರ ಜೊತೆಗೆ ಸೇರಿಸಬೇಡ. ಹರಳಿನ ಬದಲು ಕುಂಚದಿಂದಲೇ ಚುಕ್ಕೆ ಇಡು, ನಿನ್ನ ಕೈಗೆ ಅದು ಸಲೀಸು.

ಬಣ್ಣ ತೆಗೆಯುವ ರೀತಿಯೂ ಮುಖ್ಯ. ಬಿಳಿಮಚ್ಚೆ ಇರುವವರ ಚರ್ಮ ಉಜ್ಜಿ ಗಾಯವಾದರೆ ಆ ಗಾಯದ ಜಾಗದಲ್ಲೇ ಹೊಸ ಮಚ್ಚೆ ಏಳಬಹುದು. ವೈದ್ಯರು ಇದನ್ನು ಕೋಬ್ನರ್ ಪರಿಣಾಮ ಎನ್ನುತ್ತಾರೆ. ಆಟ ಮುಗಿದು ಬೆಳಗಾದ ಮೇಲೆ ನಾವು ಚೌಕಿಯಲ್ಲಿ ಮಾಡುತ್ತಿದ್ದಂತೆ, ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಕರಗುವವರೆಗೆ ಕಾದು, ಮೆತ್ತನೆಯ ಹತ್ತಿಬಟ್ಟೆಯಿಂದ ಒತ್ತಿ ತೆಗೆ. ನಿದ್ದೆ ಎಳೆಯುತ್ತಿದ್ದರೂ ಅವಸರ ಮಾಡಬೇಡ. ಚರ್ಮಕ್ಕೆ ಬಣ್ಣ ಮರಳಿಸಲು ಅತಿನೇರಳೆ ಕಿರಣ ಹಾಯಿಸುವ ನ್ಯಾರೋಬ್ಯಾಂಡ್ ಬೆಳಕಿನ ಚಿಕಿತ್ಸೆಗೆ ಹೋಗುವ ದಿನ ಮುಖದ ಮೇಲೆ ಬಣ್ಣವಾಗಲಿ ಕ್ರೀಮಾಗಲಿ ಇರಕೂಡದು, ಇದ್ದರೆ ಬೆಳಕು ಚರ್ಮಕ್ಕೆ ಸರಿಯಾಗಿ ತಲುಪುವುದಿಲ್ಲ. ಉಳಿದ ದಿನ ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್ ಮರೆಯಬೇಡ, ಬಣ್ಣವಿಲ್ಲದ ಚರ್ಮ ಬೇಗ ಸುಡುತ್ತದೆ. ಒಂದು ತಿಂಗಳಲ್ಲಿ ಮಚ್ಚೆ ಹೋಗಿಸುತ್ತೇವೆಂದು ಮಾರುವ ಕ್ರೀಮುಗಳ ತಂಟೆಗೆ ಹೋಗಬೇಡ.

ಚಿಕಿತ್ಸೆ ಫಲ ಕೊಟ್ಟರೆ ಬಣ್ಣ ಮರಳುವುದು ಸಾಮಾನ್ಯವಾಗಿ ಕೂದಲಿನ ಬುಡದಿಂದ. ಬಿಳಿಯ ನಡುವೆ ಸಾಸಿವೆಯಷ್ಟು ದೊಡ್ಡ ಕಂದು ಚುಕ್ಕೆಗಳು ಅಲ್ಲೊಂದು ಇಲ್ಲೊಂದು ಮೂಡಿ ನಿಧಾನವಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಆದ್ದರಿಂದ ಬಣ್ಣ ಹಚ್ಚುವ ಮೊದಲು ಬರಿಮುಖದ ಒಂದು ಫೋಟೋ ತೆಗೆದಿಟ್ಟುಕೊಳ್ಳುವ ರೂಢಿ ಮಾಡಿಕೋ. ವೈದ್ಯರಿಗೂ ಉಪಯೋಗ, ಹೊಸ ಅಂಚಿಗೆ ತಕ್ಕಂತೆ ನಿನ್ನ ಚಿತ್ರವನ್ನು ಬದಲಿಸಿಕೊಳ್ಳುವುದಕ್ಕೂ ಉಪಯೋಗ. ಮಚ್ಚೆ ಕುಗ್ಗಬಹುದು, ಹಬ್ಬಲೂಬಹುದು. ಎರಡಕ್ಕೂ ಮನಸ್ಸನ್ನು ಸಿದ್ಧವಾಗಿಟ್ಟುಕೋ.

ಮದುವೆಯ ಮಾತು ಎತ್ತಿದರೆ ನಿನಗೆ ಸಿಟ್ಟು ಬರುತ್ತದೆಂದು ಗೊತ್ತು, ಆದರೂ ಮನೆಯಲ್ಲಿ ಆ ಮಾತು ನಡೆಯುತ್ತಿರುವುದರಿಂದ ಹೇಳುತ್ತೇನೆ. ನೋಡಲು ಬರುವ ದಿನ ನೀನು ಬಣ್ಣ ಹಚ್ಚಿಕೊಂಡು ಕೂತರೂ ಸರಿ, ಹಚ್ಚದೆ ಕೂತರೂ ಸರಿ. ಅದಕ್ಕೆ ಮೊದಲೇ ವಿಷಯವನ್ನು ಹುಡುಗನ ಮನೆಯವರಿಗೆ ಬಾಯಿಬಿಟ್ಟು ಹೇಳಿರಬೇಕು. ಬಣ್ಣ ಹಚ್ಚುವುದು ಮೋಸವಲ್ಲ, ಮಾತನ್ನು ಬಚ್ಚಿಡುವುದು ಮೋಸ. ಆ ಮಾತನ್ನು ಹೇಳುವ ಕೆಲಸವನ್ನು ನಾನೇ ವಹಿಸಿಕೊಳ್ಳುತ್ತೇನೆ.

ಅಜ್ಜಿಯ ಮೇಲೆ ಮುನಿಸಿಕೊಳ್ಳಬೇಡ. ಅವರು ಬೆಳೆದ ಕಾಲದಲ್ಲಿ ಇದನ್ನು ಕುಷ್ಠವೆಂದೇ ತಿಳಿದು ಜನ ಒಂದೇ ಪಂಕ್ತಿಯಲ್ಲಿ ಕೂರುವುದಕ್ಕೆ ಹಿಂಜರಿಯುತ್ತಿದ್ದರು. ಅವರ ಗದರಿಕೆಯ ಹಿಂದೆ ಇರುವುದು ಆ ಹೆದರಿಕೆ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಕುಂದುತ್ತದೆ, ನಿನ್ನ ಮಚ್ಚೆಯಲ್ಲಿ ಹಾಗೇನೂ ಆಗುವುದಿಲ್ಲ, ಇದು ಮುಟ್ಟಿದರೆ ಹರಡುವುದೂ ಇಲ್ಲ, ಜಗತ್ತಿನಲ್ಲಿ ನೂರಕ್ಕೆ ಹೆಚ್ಚುಕಡಿಮೆ ಒಬ್ಬರಿಗೆ ಇದು ಇದೆ ಎಂಬುದನ್ನೆಲ್ಲ ನಾನು ಅವರ ಪಕ್ಕದಲ್ಲಿ ಕೂತು ಬಿಡಿಸಿ ಹೇಳುತ್ತೇನೆ. ರಜೆಗೆ ಬರುವಾಗ ನಿನ್ನ ಕುಂಚ ಮತ್ತು ಆ ನೀಲಿ ಬಣ್ಣವನ್ನು ತಾ. ಅಂಚಿನ ಗೆರೆ ಕಣ್ಣಿನ ಕೆಳಗೆ ಸ್ವಲ್ಪ ನಡುಗಿದೆ. ಮೊಣಕೈಯನ್ನು ಮಂಡಿಗೆ ಊರಿ ಉಸಿರು ಬಿಡುತ್ತ ಎಳೆಯುವುದು ಹೇಗೆಂದು ತೋರಿಸಿಕೊಡುತ್ತೇನೆ.

ಇತಿ,
ನಿನ್ನ ಸೋದರಮಾವ